ಗೋದಾಮೆಲ್ಲ ಬಳಸಿದ ಹೆಸರು

ಆ ಔಷಧಿ ಗೋದಾಮಿಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಮೂರು ವಿಷಯ ತೋರಿಸುತ್ತಿದ್ದರು: ಕುಡಿಯುವ ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ, ಅಕ್ಕನ ಪಾಸ್‌ವರ್ಡ್ ಏನು. ಮೊದಲೆರಡನ್ನು ಮರೆತು ಮತ್ತೆ ಕೇಳಿದವರುಂಟು. ಮೂರನೆಯದನ್ನು ಮರೆಯುವ ಹಾಗೆಯೇ ಇರಲಿಲ್ಲ. ಪ್ಯಾಕಿಂಗ್ ಮೇಜಿನ ಮೇಲುಗಡೆ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕದ ಗೋಡೆಯ ಮೇಲೆ, ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಟೇಪು ಹಚ್ಚಿ ಅಂಟಿಸಿದ್ದರು.

ಈ ಅಕ್ಕ ನನ್ನ ಹಳೆಯ ವಿದ್ಯಾರ್ಥಿನಿ. ಈಗ ನಮ್ಮ ಬೀದಿಯಲ್ಲೇ ಸಂಸಾರ ಮಾಡಿಕೊಂಡಿದ್ದಾಳೆ. ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಓಡಿಸಲು ಕಲಿಸುತ್ತಾನೆ. ಜೊತೆಗೆ ಅವನ ತಾಯಿ ಇದ್ದಾರೆ. ಶಾಲೆಯಲ್ಲಿದ್ದಾಗ ಈ ಹುಡುಗಿಗೊಂದು ಚಾಳಿಯಿತ್ತು. ಪುಸ್ತಕ, ಊಟದ ಡಬ್ಬಿ, ರಬ್ಬರು, ಕೊನೆಗೆ ಕೊಡೆಯ ಹಿಡಿಯ ಮೇಲೂ ತನ್ನ ಹೆಸರು ಕೆತ್ತಿಕೊಳ್ಳುತ್ತಿದ್ದಳು. ಹಾಗೆಂದು ಜಿಪುಣಿಯಲ್ಲ. ಮಳೆ ಬಂದ ದಿನ ಆ ಕೊಡೆ ಯಾರ ಕೈಯಲ್ಲೋ ಮನೆಗೆ ಹೋಗುತ್ತಿತ್ತು, ಇವಳು ನೆನೆದುಕೊಂಡು ಹೋಗುತ್ತಿದ್ದಳು. ಒಮ್ಮೆ ಅದು ಕಡ್ಡಿ ಮುರಿದುಕೊಂಡು ವಾಪಸು ಬಂದಾಗ, "ಯಾರೇ ಮುರಿದದ್ದು?" ಎಂದು ಗದರಿದೆ. "ಗೊತ್ತಿಲ್ಲ ಮೇಷ್ಟ್ರೇ, ಹೆಸರು ಮಾತ್ರ ನಂದೇ ಇದೆ" ಅಂದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ಮಾತು ಮುಂದೊಂದು ದಿನ ನನ್ನ ಹೊಟ್ಟೆ ಉರಿಸುತ್ತದೆ ಎಂದು ಆಗ ಯಾರು ಕಂಡಿದ್ದರು?

ಗೋದಾಮು ಇರುವುದು ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ. ಔಷಧಿ ತಯಾರಿಸುವವರಿಂದ ಬಂದ ಪೆಟ್ಟಿಗೆಗಳು ಒಂದು ಬಾಗಿಲಿನಿಂದ ಒಳಗೆ ಬರುತ್ತವೆ. ಅಂಗಡಿ, ಆಸ್ಪತ್ರೆಗಳಿಗೆ ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತವೆ. ನಡುವೆ ಕಬ್ಬಿಣದ ರ‍್ಯಾಕುಗಳ ಸಾಲು, ನೇತುಬಿಟ್ಟ ಪ್ಲಾಸ್ಟಿಕ್ ಪಟ್ಟಿಗಳ ಹಿಂದೆ ಒಂದು ತಣ್ಣನೆಯ ಕೋಣೆ, ದಿನವಿಡೀ ಟೇಪು ಎಳೆಯುವ ಕರ್ ಎನ್ನುವ ಸದ್ದು. ಅಕ್ಕ ಅಲ್ಲಿ ಸ್ಟಾಕ್ ನೋಡಿಕೊಳ್ಳುವವಳು. ಬಂದದ್ದನ್ನು ಎಣಿಸಿ ಒಳಗಿಡುವುದು ಅವಳ ಕೆಲಸ. ಒಡೆದದ್ದು, ಸೋರಿದ್ದು, ಅವಧಿ ಮುಗಿದದ್ದು ಕಂಡರೆ ಪಕ್ಕಕ್ಕೆ ಎತ್ತಿಟ್ಟು, ಕಂಪ್ಯೂಟರಿನಲ್ಲಿ ಅದಕ್ಕೆ ತಡೆ ಹಾಕುವುದೂ ಅವಳದೇ. ತಡೆ ಹಾಕಿದ ಮಾಲಿಗೆ ಬಿಲ್ ಆಗುವುದಿಲ್ಲ. ಬಿಲ್ ಆಗದೆ ಯಾವ ಪೆಟ್ಟಿಗೆಯೂ ಬಾಗಿಲು ದಾಟುವುದಿಲ್ಲ. ರೋಗಿಯ ಬಾಯಿಗೂ ಕೆಟ್ಟ ಔಷಧಿಗೂ ನಡುವೆ ಇರುವ ಬೇಲಿ ಅಷ್ಟೇ.

ಈ ಕಂಪ್ಯೂಟರ್ ವ್ಯವಸ್ಥೆಯನ್ನು ಮಾರಿದವರು ತಿಳಿದವರೇ. ಪ್ರತಿಯೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಅವರವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂದು ಹೇಳಿದ್ದರು. ಬಿಲ್ ಮಾಡುವವನಿಗೆ ಬಿಲ್ಲು, ಪ್ಯಾಕ್ ಮಾಡುವವನಿಗೆ ಪಟ್ಟಿ, ತಡೆ ತೆಗೆಯುವುದು ಮಾತ್ರ ಸ್ಟಾಕಿನವಳಿಗೆ. ಯಾರು ಏನು ಮಾಡಿದರು ಎಂದು ಮುಂದೊಂದು ದಿನ ಕೇಳಿದರೆ ಕಂಪ್ಯೂಟರು ಹೇಳಬೇಕಲ್ಲ? ಆದರೆ ಹೆಸರೊಂದಕ್ಕೆ ಇಷ್ಟು ಎಂದು ಬೆಲೆಯಿತ್ತು. ಗೋದಾಮಿನ ಮ್ಯಾನೇಜರಿಗೆ ಅದು ದಂಡದ ಖರ್ಚಾಗಿ ಕಂಡಿತು.

"ಇಷ್ಟೊಂದು ಹೆಸರು ಯಾಕ್ರೀ? ಮದುವೆ ಕರೆಯೋಲೆ ಹಂಚ್ತಾ ಇದೀವಾ?" ಎಂದು ನಕ್ಕು, ಎರಡೇ ಹೆಸರು ಕೊಂಡರು. ಒಂದು ತಮ್ಮದು, ಒಂದು ಅಕ್ಕನದು. ಅಕ್ಕನ ಹೆಸರಿಗೆ ಎಲ್ಲ ಅಧಿಕಾರವನ್ನೂ ಸೇರಿಸಿ, "ಎಲ್ಲರೂ ಇದರಲ್ಲೇ ಕೆಲಸ ಮಾಡಿ" ಎಂದು ಅಪ್ಪಣೆ ಕೊಟ್ಟರು.

"ಸಾರ್, ಅದು ನನ್ನ ಹೆಸರಲ್ವಾ?" ಎಂದಳಂತೆ ಅಕ್ಕ.

"ಯಾಕಮ್ಮಾ, ನಾಲ್ಕು ಜನ ಬಳಸಿದ್ರೆ ಹೆಸರೇನು ಸವೆದು ಹೋಗುತ್ತಾ?"

ಗೋದಾಮೆಲ್ಲ ನಕ್ಕಿತು. ಕೊಡೆ ಕೊಟ್ಟು ಅಭ್ಯಾಸವಿದ್ದವಳು, ಹೆಸರನ್ನೂ ಕೊಟ್ಟಳು.

ಆಮೇಲೆ ಅಲ್ಲಿಯ ಮಾತೇ ಬದಲಾಯಿತು. "ಅಕ್ಕನ್ನ ತೆಗಿಯೋ", "ಅಕ್ಕ ಯಾಕೋ ತುಂಬ ನಿಧಾನ ಕಣೋ ಇವತ್ತು", "ಅಕ್ಕನಿಂದ ಆಚೆ ಬಾರಪ್ಪ, ನನ್ನದೊಂದು ಬಿಲ್ ಇದೆ." ಪಕ್ಕದಲ್ಲೇ ನಿಂತ ನಿಜವಾದ ಅಕ್ಕ ಟ್ರಾಲಿಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದಳು. ಬಿಲ್ ವಿಭಾಗದ ಯುವಕನೊಬ್ಬನಿದ್ದ. ಕೆಲಸ ಮಾಡುತ್ತ ಸದಾ ಗುನುಗುತ್ತಿದ್ದುದರಿಂದ ಹಾಡುಗಾರ ಎಂದೇ ಅವನನ್ನು ಕರೆಯುತ್ತಿದ್ದರು. ಅವನು ಬೆಳಿಗ್ಗೆ ಬಂದವನೇ ಅವಳ ಹೆಸರಿನಲ್ಲಿ ಕುಳಿತರೆ ಸಂಜೆಗೇ ಏಳುವುದು. ಅತ್ತೆಯ ಕಣ್ಣಿನ ಆಪರೇಷನ್ ಆದಾಗ ಅಕ್ಕ ಒಂದು ವಾರ ಆಸ್ಪತ್ರೆಯ ಬೆಂಚಿನ ಮೇಲಿದ್ದಳು. ಕಂಪ್ಯೂಟರಿನ ಪ್ರಕಾರ ಅದೇ ವಾರ ಅವಳು ಗೋದಾಮಿನಲ್ಲಿ ಮೈ ಮುರಿದು ದುಡಿದಿದ್ದಳು.

ತಮಾಷೆಯೆಂದರೆ, ಇದಕ್ಕೆ ಬಹುಮಾನವೂ ಬಂತು. ಯಾವ ನೌಕರ ಎಷ್ಟು ಕೆಲಸ ಮಾಡಿದ ಎಂದು ಕೇಂದ್ರ ಕಚೇರಿಯವರು ಒಂದು ವರದಿ ತೆಗೆಸಿದರು. ಎಲ್ಲ ಶಾಖೆಗಳನ್ನೂ ಮೀರಿಸಿ ಒಬ್ಬಳೇ ಹೆಂಗಸು ದುಡಿದದ್ದನ್ನು ನೋಡಿ, ಇದು ಹೇಗೆ ಸಾಧ್ಯ ಎಂದು ಒಬ್ಬನಾದರೂ ಕೇಳಬೇಡವೇ? ಕೇಳಲಿಲ್ಲ. ದೊಡ್ಡದೊಂದು ಗೋಡೆ ಗಡಿಯಾರ ಕಳಿಸಿದರು. ಮ್ಯಾನೇಜರು ಅದನ್ನು ತಮ್ಮ ಕ್ಯಾಬಿನ್ನಿನಲ್ಲಿ ತೂಗುಹಾಕಿಸಿ ಚಹಾ ಹಂಚಿದರು. "ಇದು ನಮ್ಮೆಲ್ಲರ ಗಡಿಯಾರ. ಅಕ್ಕನ ಹೆಸರು ಸುಮ್ನೆ ನೆಪಕ್ಕೆ" ಎಂದರು. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಒಂದು ತಿಂಗಳ ಕೊನೆಯಲ್ಲಿ ಕಣ್ಣಿಗೆ ಹಾಕುವ ಹನಿಯ ಔಷಧಿಯ ಪೆಟ್ಟಿಗೆಗಳು ಬಂದವು. ಅಕ್ಕ ಒಂದನ್ನು ತೆರೆದು ನೋಡಿದಾಗ ಒಳಗೆ ರಟ್ಟು ಒದ್ದೆಯಾಗಿತ್ತು. ಸೀಸೆಗಳ ಮುಚ್ಚಳ ಸಡಿಲ. ಕಣ್ಣಿಗೆ ಹೋಗುವ ಔಷಧಿ, ಒಮ್ಮೆ ಗಾಳಿ ಸೋಕಿದರೆ ಮುಗಿಯಿತು. ಅಷ್ಟೂ ಮಾಲಿಗೆ ತಡೆ ಹಾಕಿ, ತಯಾರಿಸಿದವರಿಗೆ ತಿಳಿಸಿ, ತಣ್ಣನೆಯ ಕೋಣೆಗೆ ಹೋಗಿ ಲಸಿಕೆಗಳನ್ನು ಎಣಿಸುತ್ತ ಕುಳಿತಳು. ಅವಳು ಸ್ವೆಟರು ಬಿಚ್ಚಿ ಹೊರಗೆ ಬರುವ ಹೊತ್ತಿಗೆ ಯಾರೋ ತಡೆ ತೆಗೆದಿದ್ದರು. ಆದರೆ ಅದು ಅವಳಿಗೆ ಗೊತ್ತಾಗಲಿಲ್ಲ. ಬಿಲ್ ಆಯಿತು, ಪ್ಯಾಕಿಂಗಿನವರು ಪಟ್ಟಿ ನೋಡಿ ಎತ್ತಿದರು, ಪೆಟ್ಟಿಗೆಗಳು ವ್ಯಾನು ಹತ್ತಿ ಹೋದವು.

ಮರುದಿನ ಒಬ್ಬ ಔಷಧಿ ಅಂಗಡಿಯವನು ಒದ್ದೆ ಪೆಟ್ಟಿಗೆಯನ್ನು ಎತ್ತಿಕೊಂಡು ನೇರವಾಗಿ ಗೋದಾಮಿಗೇ ಬಂದ. "ಕಣ್ಣು ಕಳೆಯೋ ವ್ಯಾಪಾರ ಶುರು ಮಾಡಿದೀರೇನ್ರೀ?" ಎಂದು ಬಾಗಿಲಲ್ಲೇ ಕೂಗಾಡಿದ. ಓಡಾಡಿ ಎಲ್ಲವನ್ನೂ ವಾಪಸು ತರಿಸಿದರು. ಯಾರ ಕಣ್ಣಿಗೂ ಏನೂ ಆಗಲಿಲ್ಲ, ಅದು ದೊಡ್ಡ ಪುಣ್ಯ. ಆದರೆ ಕೇಂದ್ರ ಕಚೇರಿ ಕೇಳಿತು: ತಡೆ ತೆಗೆದವರು ಯಾರು? ಕಂಪ್ಯೂಟರನ್ನು ಕೇಳಿದರು. ಕಂಪ್ಯೂಟರಿಗೆ ಗೊತ್ತಿದ್ದದ್ದು ಒಂದೇ ಹೆಸರು.

ಮ್ಯಾನೇಜರು ಅಕ್ಕನನ್ನು ಕ್ಯಾಬಿನ್ನಿಗೆ ಕರೆಸಿದರು. ತಲೆಯ ಮೇಲೆ ಅದೇ ಗಡಿಯಾರ. ಮೇಜಿನ ಮೇಲೆ ಒಂದು ಪತ್ರ: ನನ್ನ ಅಜಾಗರೂಕತೆಯಿಂದ ನಾನೇ ತಡೆ ತೆಗೆದಿದ್ದೇನೆ, ತಪ್ಪೊಪ್ಪಿಕೊಂಡು ಕೆಲಸ ಬಿಡುತ್ತಿದ್ದೇನೆ.

"ಸಾರ್, ನಾನು ಆಗ ಕೋಲ್ಡ್ ರೂಮಲ್ಲಿ ಇದ್ದೆ."

"ಹೆಸರು ನಿಮ್ಮದೇ ತೋರಿಸ್ತಾ ಇದೆಯಲ್ಲಮ್ಮ. ಕೇಂದ್ರ ಕಚೇರಿಗೂ ಹಾಗಂತಲೇ ಬರೆದು ಕಳಿಸಿದೀನಿ."

"ನನ್ನ ಹೆಸರಲ್ಲಿ ಯಾರು ಇಲ್ಲ ಹೇಳಿ ಸಾರ್. ನೀವೇ ಹೋದ ವಾರ ನಿಮ್ಮ ಪಾಸ್‌ವರ್ಡ್ ಮರೆತು ನನ್ನದರಲ್ಲಿ ಕೂತಿದ್ರಿ."

"ನೋಡಿ, ಮನುಷ್ಯರು ಏನು ಬೇಕಾದ್ರೂ ಹೇಳ್ತಾರೆ. ಕಂಪ್ಯೂಟರ್ ಸುಳ್ಳು ಹೇಳಲ್ಲ. ಸೈನ್ ಹಾಕಿದ್ರೆ ಇಲ್ಲಿಗೇ ಮುಗಿಯುತ್ತೆ. ಇಲ್ಲಾಂದ್ರೆ ಪೊಲೀಸು, ಕೋರ್ಟು ಅಂತ ಅಲೀಬೇಕಾಗುತ್ತೆ. ನಾಳೆ ಹನ್ನೆರಡರ ಒಳಗೆ ಯೋಚನೆ ಮಾಡಿ."

ಕಂಪ್ಯೂಟರು ಸುಳ್ಳು ಹೇಳುವುದಿಲ್ಲವಂತೆ! ನಿಜವೇ, ಅದಕ್ಕೆಲ್ಲಿಯ ನಾಲಿಗೆ? ಅದರ ಬಾಯಿಗೆ ವರ್ಷಗಟ್ಟಲೆ ಸುಳ್ಳು ತುರುಕಿದವರು ಯಾರು? ನಾನು ಆಯುಷ್ಯವೆಲ್ಲ ಪಾಠ ಹೇಳಿದವನು. ಇಡೀ ತರಗತಿಯ ಉತ್ತರ ಪತ್ರಿಕೆಗಳ ಮೇಲೆ ಒಬ್ಬಳೇ ಹುಡುಗಿಯ ಹೆಸರು ಬರೆಸಿ, ಆಮೇಲೆ ಯಾವನೋ ಮಾಡಿದ ತಪ್ಪಿಗೆ ಅವಳ ಕಿವಿ ಹಿಂಡುವ ಮೇಷ್ಟರನ್ನು ಊರು ಸುಮ್ಮನೆ ಬಿಡುತ್ತಿತ್ತೇ? ಹೊಗಳಿಕೆ ಬಂದಾಗ ಹೆಸರು ನೆಪಕ್ಕೆ. ತಪ್ಪು ಬಂದಾಗ ಹೆಸರೇ ಸಾಕ್ಷಿ. ಇದನ್ನು ಅವರು ಆಡಳಿತ ಎಂದು ಕರೆಯುತ್ತಾರೆ.

ಇಷ್ಟು ಸಾಲದೆಂಬಂತೆ ಮ್ಯಾನೇಜರು ಅಂದೇ ಮಧ್ಯಾಹ್ನ ಒಂದು ಸೂಚನೆ ಹೊರಡಿಸಿದರು: ಅವರವರ ಹೆಸರಿನಲ್ಲಿ ನಡೆದದ್ದಕ್ಕೆ ಅವರವರೇ ಹೊಣೆ, ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಹೇಳುವುದು ಶಿಕ್ಷಾರ್ಹ ಅಪರಾಧ. ಅದನ್ನು ಅಂಟಿಸಲು ಅವರಿಗೆ ಬೇರೆ ಜಾಗ ಸಿಗಲಿಲ್ಲ. ಕೆಂಪು ಸಿಲಿಂಡರಿನ ಪಕ್ಕ, ಅಕ್ಕನ ಪಾಸ್‌ವರ್ಡಿನ ಚೀಟಿ ಮುಚ್ಚಿಹೋಗುವಂತೆ ಅದರ ಮೇಲೆಯೇ ಅಂಟಿಸಿದರು. ನಾಚಿಕೆ ಎನ್ನುವುದು ಇದ್ದಿದ್ದರೆ ಆ ಚೀಟಿಯನ್ನಾದರೂ ಮೊದಲು ಕಿತ್ತುಹಾಕಬೇಕಿತ್ತು.

ಸಂಜೆ ಅಕ್ಕ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಇದನ್ನೆಲ್ಲ ಹೇಳಿದಳು. ಅಳಲಿಲ್ಲ. "ಮೇಷ್ಟ್ರೇ, ಅಷ್ಟು ಜನ ಇದ್ರು. ನನ್ನ ಹೆಸರಲ್ಲಿ ಕೂತು ಕೂತು ಕುರ್ಚಿ ಸವೆಸಿದೋರು. ಒಬ್ಬನಾದ್ರೂ ಬಾಯಿ ಬಿಡಲಿಲ್ಲ. ಹಾಡುಗಾರ ಅಂತೂ ನನ್ನ ಮುಖಾನೇ ನೋಡಲಿಲ್ಲ" ಅಂದಳು. ನಾನು ಸಿಟ್ಟಿನಲ್ಲಿ ಏನೇನೋ ಕೂಗಾಡಿದೆ. ನನ್ನ ಕೂಗಾಟದಿಂದ ಅವಳಿಗೆ ಮೂರು ಕಾಸಿನ ಪ್ರಯೋಜನವಾಗಲಿಲ್ಲ. ಅದು ಆದದ್ದು ಮರುದಿನ ಬೆಳಿಗ್ಗೆ, ಅವಳ ಅಡುಗೆಮನೆಯಲ್ಲಿ.

ಗಂಡ ಒಳ್ಳೆಯವನು, ಆದರೆ ಜಗಳವೆಂದರೆ ಬ್ರೇಕ್ ಒತ್ತುವವನು. "ಸೈನ್ ಹಾಕಿ ಕೈ ತೊಳ್ಕೋ ಮಾರಾಯ್ತಿ. ಬೇರೆ ಕಡೆ ಕೆಲಸ ಸಿಗಲ್ವಾ?" ಎಂದ.

"ಅಲ್ಲಿಗೂ ಇದೇ ಹೆಸರನ್ನೇ ತಗೊಂಡು ಹೋಗ್ಬೇಕಲ್ಲ? ಕಣ್ಣಿನ ಔಷಧಿ ಕೆಡಿಸಿದೋಳು ಅಂತ ಬರ್ಕೊಟ್ಟು ಹೋದ್ರೆ ಯಾವ ಗೋದಾಮು ಒಳಗೆ ಬಿಟ್ಕೊಳ್ಳುತ್ತೆ?"

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕುಳಿತಿದ್ದರು. ಆಪರೇಷನ್ ಆದ ಕಣ್ಣಿಗೆ ಅವರೂ ದಿನಾ ಹನಿ ಹಾಕಿಸಿಕೊಳ್ಳುವವರೇ. ಸೊಸೆಯ ಮೇಲೆ ಪ್ರೀತಿಯಿದ್ದರೂ ಅದನ್ನು ಬೈಗುಳದಲ್ಲೇ ತೋರಿಸುವ ಜೀವ.

"ಅಲ್ವೇ, ಆ ಹನಿ ಈ ಕಣ್ಣಿಗೇ ಬಂದಿದ್ರೆ? ನನ್ನ ಸೊಸೆಯ ಹೆಸರಲ್ಲೇ ನನ್ನ ಕಣ್ಣು ಹೋಗಿರೋದು!"

"ನಾನು ಮಾಡಿಲ್ಲ ಅತ್ತೆ."

"ನೀನು ಮಾಡಿಲ್ಲ ಅಂತ ನಂಗೊತ್ತಿಲ್ವಾ? ಉಪ್ಪಿನ ಡಬ್ಬಿ ಮುಚ್ಚಳಾನೇ ಎರಡು ಸಲ ನೋಡೋಳು ನೀನು. ಆದ್ರೆ ಮನೆ ಬೀಗದ ಕೈನ ಬೀದಿಗೆಲ್ಲ ಹಂಚಿ, ಯಾರು ಬಂದ್ರು ಯಾರು ಹೋದ್ರು ಅಂತ ಕೇಳಿದ್ರೆ ಏನು ಹೇಳ್ತೀಯ? ಬೀಗ ಬದಲಾಯಿಸೋಕೆ ಏನು ಬಂದಿದೆ ನಿಂಗೆ ರೋಗ?"

ಅಕ್ಕ ಕೈಯಲ್ಲಿದ್ದ ಚಹಾದ ಲೋಟವನ್ನು ಹಾಗೇ ಕೆಳಗಿಟ್ಟಳಂತೆ. ಇಷ್ಟು ವರ್ಷದಲ್ಲಿ ಅದು ಅವಳಿಗೆ ಹೊಳೆದೇ ಇರಲಿಲ್ಲ.

ಆ ದಿನ ನಡೆದದ್ದನ್ನು ನಾನು ಅವಳಿಂದಲೂ ಕೇಳಿದ್ದೇನೆ, ಹಾಡುಗಾರನಿಂದಲೂ ಕೇಳಿದ್ದೇನೆ. ಅವಳು ಎಲ್ಲರಿಗಿಂತ ಮೊದಲು ಗೋದಾಮಿಗೆ ಹೋಗಿ, ತನ್ನ ಪಾಸ್‌ವರ್ಡ್ ಬದಲಾಯಿಸಿ, ಕಂಪ್ಯೂಟರು ಮುಚ್ಚಿ, ಪ್ಯಾಕಿಂಗ್ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಳು. ಒಬ್ಬೊಬ್ಬರಾಗಿ ಬಂದರು. ಬಿಲ್ ಮೇಜಿನಿಂದ ಮೊದಲ ಕೂಗು ಬಂತು: "ಅಕ್ಕ ತೆಗೀತಾ ಇಲ್ವಲ್ಲ!" ಆಮೇಲೆ ಲೋಡಿಂಗ್ ಬಾಗಿಲಿನಿಂದ: "ಇಲ್ಲೂ ತೆಗೀತಿಲ್ಲ!" ಹಳೆಯ ಲೋಡರೊಬ್ಬ, ಎಲ್ಲರೂ ದೊಡ್ಡಪ್ಪ ಎಂದು ಕರೆಯುವವನು, ಕತ್ತು ತಿರುಗಿಸಿ ನಿಜವಾದ ಅಕ್ಕನನ್ನು ನೋಡಿದ. "ತಾಯಿ, ನೀನೇನಾದ್ರೂ ಬಾಗಿಲು ಹಾಕ್ಕೊಂಡ್ಯಾ?" ಎಂದ.

"ಹೂಂ ದೊಡ್ಡಪ್ಪ."

ಕೆಲಸ ನಿಂತಿತು. ಬಿಲ್ಲಿಲ್ಲ, ಪಟ್ಟಿಯಿಲ್ಲ, ಟೇಪಿನ ಸದ್ದಿಲ್ಲ. ಹೊರಗೆ ವ್ಯಾನುಗಳು ಸಾಲುಗಟ್ಟಿದವು. ಡ್ರೈವರುಗಳು ಹಾರನ್ ಬಾರಿಸತೊಡಗಿದರು. ಆಸ್ಪತ್ರೆಗಳಿಗೆ ತುರ್ತಾಗಿ ಬೇಕಾದದ್ದನ್ನು ಮಾತ್ರ ಅಕ್ಕ ಕೈಯಲ್ಲೇ ಚೀಟಿ ಬರೆದು, ತಾನೇ ನಿಂತು ಕಳಿಸಿದಳು. ರೋಗಿಯ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ.

ಮ್ಯಾನೇಜರು ಮುಖ ಕೆಂಪಗೆ ಮಾಡಿಕೊಂಡು ಬಂದರು. "ಏನ್ರೀ ಇದು? ಪಾಸ್‌ವರ್ಡ್ ಹೇಳಿ!"

ಅಕ್ಕ ಎದ್ದು ನಿಂತು ಗೋಡೆಯ ಸೂಚನೆಯತ್ತ ಕೈ ತೋರಿಸಿದಳು. "ಹೇಳಿದ್ರೆ ಶಿಕ್ಷೆ ಅಂತ ನೀವೇ ಹಾಕಿಸಿದೀರಿ ಸಾರ್. ನನ್ನ ಮೇಲೆ ಆಗ್ಲೇ ಒಂದು ಅಪರಾಧ ಇದೆ, ಇನ್ನೊಂದು ಯಾಕೆ?"

"ಹಾಗಾದ್ರೆ ನೀವೇ ಓಪನ್ ಮಾಡಿ ಕೊಡಿ!"

"ಕೊಟ್ರೆ ಮತ್ತೆ ಎಲ್ಲರೂ ನಾನೇ ಆಗ್ತಾರೆ. ಅವರವರ ಹೆಸರು ಅವರಿಗೆ ಕೊಡಿಸಿ ಸಾರ್. ನನ್ನದು ನನಗೆ ಬೇಕು."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಮ್ಯಾನೇಜರು ತಮ್ಮದೇ ಹೆಸರಿನಲ್ಲಿ ಒಳಗೆ ಹೋಗಿ ಕೆಲಸ ಶುರುಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಪಾಸ್‌ವರ್ಡ್ ಇನ್ನೂ ನೆನಪಾಗಿರಲಿಲ್ಲವಂತೆ. ನೆನಪಾಗಿದ್ದರೂ ಅದನ್ನು ಹತ್ತು ಜನರಿಗೆ ಹಂಚಲು ಅವರೇನು ಹುಚ್ಚರೇ?

ಅಂಗಡಿಗಳಿಂದ ಫೋನು ಹೋಗಿ, ಹೊತ್ತು ಏರುವ ಮುಂಚೆಯೇ ಕಂಪನಿಯ ಮಾಲೀಕರೇ ಬಂದರು. ವಯಸ್ಸಾದವರು, ಕೋಲು ಹಿಡಿದು ನಡೆಯುವವರು, ಕಡಿಮೆ ಮಾತಿನವರು. ಮ್ಯಾನೇಜರು, "ಈಕೆ ಕಂಪನೀನೇ ಒತ್ತೆ ಇಟ್ಕೊಂಡಿದಾರೆ ಸಾರ್" ಎಂದು ಶುರುಮಾಡಿದರು. ಮಾಲೀಕರು ಕೈಯೆತ್ತಿ ಅವರನ್ನು ತಡೆದು, ಅಕ್ಕನ ಕಡೆ ತಿರುಗಿದರು.

"ಒಬ್ಬಳು ಬಾಗಿಲು ಹಾಕ್ಕೊಂಡ್ರೆ ನನ್ನ ಗೋದಾಮು ಯಾಕಮ್ಮಾ ನಿಲ್ಲಬೇಕು?"

"ಇವರನ್ನೇ ಕೇಳಿ ಸಾರ್. ನನ್ನ ಹೆಸರಲ್ಲಿ ಕೆಲಸ ಮಾಡೋರು ಕೈ ಎತ್ತಲಿ."

ಮೊದಲು ದೊಡ್ಡಪ್ಪ ಕೈಯೆತ್ತಿದ. "ನಾನೂ ಒಂದೊಂದು ಸಲ, ಪೆಟ್ಟಿಗೆ ಎಲ್ಲಿದೆ ಅಂತ ನೋಡೋಕೆ" ಎಂದ. ಪ್ಯಾಕಿಂಗಿನ ಹೆಂಗಸರು ಕೈಯೆತ್ತಿದರು. ಬಿಲ್ಲಿನವರು ಎತ್ತಿದರು. ಕೊನೆಗೆ ಗೋದಾಮಿನಲ್ಲಿ ಕೆಳಗಿದ್ದ ಕೈ ಒಂದೇ ಒಂದು. ಮಾಲೀಕರು ಅತ್ತ ನೋಡುತ್ತಲೇ ನಿಂತರು. ಮ್ಯಾನೇಜರು ಕತ್ತು ತುರಿಸುವವರ ಹಾಗೆ ಅರ್ಧ ಕೈಯೆತ್ತಿದರು.

"ಸರಿ. ಹನಿ ಔಷಧಿ ತಡೆ ತೆಗೆದದ್ದು ಯಾವ ಕೈ?"

ಎಲ್ಲ ಕೈಗಳೂ ಸರಸರನೆ ಕೆಳಗಿಳಿದವು. ಒಂದು ಮಾತ್ರ ಇಳಿಯಲಿಲ್ಲ. ಹಾಡುಗಾರನದು.

"ನಾನು ಸಾರ್" ಎಂದ ಅವನು. "ತಿಂಗಳ ಕೊನೆ, ಮಾರಾಟ ಕಡಿಮೆ ಇದೆ ಅಂತ ಮ್ಯಾನೇಜರ್ ಸಾರ್ ಫೋನ್ ಮಾಡಿದ್ರು. ನಿಂತಿರೋದನ್ನೆಲ್ಲ ಬಿಡು ಅಂದ್ರು. ಬಿಟ್ಟೆ. ಯಾಕೆ ನಿಂತಿದೆ ಅಂತ ನೋಡಲಿಲ್ಲ. ಅಕ್ಕನ ಹೆಸರಲ್ಲಿ ತಾನೇ ಹೋಗೋದು ಅಂತ... ಅಕ್ಕಾ, ನಿನ್ನೆ ಹೇಳೋಕೆ ಧೈರ್ಯ ಆಗಲಿಲ್ಲ."

"ನಾನು ಹೇಳಿದ್ದು ಸ್ಟಾಕ್ ಬಿಡು ಅಂತ. ಆ ಸ್ಟಾಕ್ ಬಿಡು ಅಂತ ಅಲ್ಲ" ಎಂದರು ಮ್ಯಾನೇಜರು. ಇಂಥ ಮಾತಿಗೆ ಕೂಡ ಸಂಬಳ ಕೊಡುತ್ತಾರೆ ನೋಡಿ.

ಮಾಲೀಕರು ನಿಟ್ಟುಸಿರು ಬಿಟ್ಟರು. "ಆಯ್ತಲ್ಲಮ್ಮಾ, ಗೊತ್ತಾಯ್ತಲ್ಲ. ಆ ಪತ್ರ ಹರಿದು ಹಾಕ್ತೀನಿ. ಹೊರಗೆ ಗಾಡಿಗಳು ನಿಂತಿವೆ, ತೆಗೀರಿ."

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ಕಣ್ಣೊರೆಸಿಕೊಂಡು ಕೈ ಮುಗಿಯುತ್ತಿದ್ದರು. ಅಕ್ಕ ಸ್ಟೂಲಿನ ಮೇಲೆ ಮತ್ತೆ ಕುಳಿತಳು.

"ತಪ್ಪು ನನ್ನದು ಅಂತ ಮ್ಯಾನೇಜರ್ ಸಾರ್ ಕೇಂದ್ರ ಕಚೇರಿಗೆ ಬರೆದೇ ಕಳಿಸಿದಾರೆ ಸಾರ್. ಅಲ್ಲ ಅಂತ ಮಾತ್ರ ಬಾಯಲ್ಲಿ ಹೇಳ್ತೀರಾ? ಅದನ್ನೂ ಬರೆದು ಕೊಡಿ."

ಮಾಲೀಕರು ಪ್ಯಾಕಿಂಗ್ ಮೇಜಿನ ಮೇಲೆಯೇ ಒಂದು ಹಾಳೆ ಹಾಕಿಸಿಕೊಂಡು, ನಿಂತುಕೊಂಡೇ ಬರೆದರು. ಸ್ಟಾಕ್ ನೋಡಿಕೊಳ್ಳುವವಳು ಈ ತಪ್ಪು ಮಾಡಿಲ್ಲ. ಒಬ್ಬರ ಹೆಸರಿನಲ್ಲಿ ಎಲ್ಲರಿಂದ ಕೆಲಸ ಮಾಡಿಸಿದ್ದು ಆಡಳಿತದ ತಪ್ಪು. ಪ್ರತಿಯೊಬ್ಬರಿಗೂ ಅವರದೇ ಹೆಸರು ಕೊಡಿಸಲಾಗುವುದು. ಸಹಿ ಹಾಕಿದರು. ಅದರ ಫೋಟೋ ಕೇಂದ್ರ ಕಚೇರಿಗೆ ಹೋದ ಮೇಲೆಯೇ ಅಕ್ಕ ಎದ್ದದ್ದು. ಹೊಸ ಹೆಸರುಗಳು ಬರುವವರೆಗೆ ಬಿಲ್ಲು, ಪಟ್ಟಿ ಎಲ್ಲವನ್ನೂ ತನ್ನ ಕೈಯಿಂದಲೇ ಮಾಡುವುದಾಗಿ ಹೇಳಿದಳು. ಹಾಡುಗಾರನನ್ನು ಕೆಲಸದಿಂದ ತೆಗೆಯುವ ಮಾತು ಬಂದಾಗ, "ಅವನು ಹೇಳಿದ್ದಕ್ಕೆ ತಾನೇ ನಿಮಗೆ ಗೊತ್ತಾಗಿದ್ದು?" ಎಂದು ತಡೆದವಳೂ ಅವಳೇ. ಮ್ಯಾನೇಜರನ್ನು ಮಾತ್ರ ಮುಂದೆ ಇನ್ನೊಂದು ಶಾಖೆಗೆ ಕಳಿಸಿದರು. ಇದಕ್ಕಿಂತ ದೊಡ್ಡ ಶಾಖೆಯಂತೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ.

ಅಂದು ಅಕ್ಕ ಕಂಪ್ಯೂಟರಿನ ಮುಂದೆ ಕುಳಿತು ಬೆರಳು ಕೀಲಿಗಳ ಮೇಲಿಟ್ಟಾಗ, ಸುತ್ತ ಮುತ್ತಿಕೊಂಡಿದ್ದವರಲ್ಲಿ ಮೊದಲು ದೊಡ್ಡಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅವನನ್ನು ನೋಡಿ ಪ್ಯಾಕಿಂಗಿನ ಹೆಂಗಸರು, ಬಿಲ್ಲಿನವರು, ಹಾಡುಗಾರ, ಕೊನೆಗೆ ಕೋಲೂರಿಕೊಂಡು ಮಾಲೀಕರೂ ತಿರುಗಿ ನಿಂತರು. ಅಷ್ಟು ವರ್ಷದಲ್ಲಿ ಅವಳು ಪಾಸ್‌ವರ್ಡ್ ಹಾಕುವಾಗ ಯಾರೂ ನೋಡದೆ ನಿಂತದ್ದು ಅದೇ ಮೊದಲು.

"ಆಯ್ತಾ ತಾಯಿ? ತಿರುಗಬಹುದಾ?" ಎಂದು ಗೋಡೆಗೆ ಹೇಳಿದ ದೊಡ್ಡಪ್ಪ.

"ತಾಳಿ ದೊಡ್ಡಪ್ಪ, ಇನ್ನೂ ಇದೆ" ಎಂದಳು ಅಕ್ಕ. "ಈ ಸಲ ಸ್ವಲ್ಪ ಉದ್ದ ಇಟ್ಟಿದೀನಿ."